ಮೈಗೆ ಕೆಲಸ, ಮನಸ್ಸಿಗೆ ಬಲ: ನಮ್ಮ ಊರಿನ ಯುವಜನರ ಬಗ್ಗೆ ಎರಡು ಮಾತು

(ಸಂಘದ ಬೆಳ್ಳಿ ಹಬ್ಬದ ಎರಡನೆಯ ದಿನ ನಡೆದ ಯುವಜನ ಗೋಷ್ಠಿಯಲ್ಲಿ ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿ ಆಮೇಲೆ ನೇಗಿಲ ಹಿಂದೆ ಹೋದವರು ನಾವು. ಬೆಳ್ಳಿ ಹಬ್ಬದಲ್ಲಿ ಒಬ್ಬೊಬ್ಬ ನಿರ್ದೇಶಕರೂ ಒಂದೊಂದು ವಿಷಯದ ಮೇಲೆ ಮಾತಾಡಬೇಕು ಎಂದು ಮಂಡಳಿ ತೀರ್ಮಾನ ಮಾಡಿತು. ಒಬ್ಬರು ಹಸಿರು ಮೇವು ತಗೊಂಡರು, ಇನ್ನೊಬ್ಬರು ಕೆಚ್ಚಲು ಬಾವು ತಗೊಂಡರು. ಯುವಕರ ಆರೋಗ್ಯದ ವಿಷಯ ಯಾರೂ ತಗೊಳ್ಳದೆ ಉಳಿದಿತ್ತು. ಅದನ್ನು ನಾವೇ ಕೇಳಿ ಪಡೆದೆವು. ಯಾಕೆ ಕೇಳಿ ಪಡೆದೆವು ಅನ್ನೋದನ್ನ ಮುಂದೆ ಹೇಳ್ತೀವಿ.

2000ನೇ ಇಸವಿಯಲ್ಲಿ ನಮ್ಮ ಸಂಘ ಶುರುವಾದಾಗ ನಮಗೆ ಇಪ್ಪತ್ತೊಂದು ವರ್ಷ. ಮೊದಲ ದಿನ ಬಂದ ಹಾಲಿನಲ್ಲಿ ಎರಡು ಕ್ಯಾನ್ ಸಹ ಪೂರ್ತಿ ತುಂಬಲಿಲ್ಲ. "ಇದು ಎಷ್ಟು ದಿನ ನಡೆದೀತು" ಎಂದವರೇ ಹೆಚ್ಚು. ಇವತ್ತು ಸ್ವಂತ ಕಟ್ಟಡ ಇದೆ, ಫ್ಯಾಟ್ ನೋಡುವ ಯಂತ್ರ ಇದೆ, ಬಟವಾಡೆ ನೇರವಾಗಿ ಬ್ಯಾಂಕಿನ ಖಾತೆಗೆ ಬರ್ತದೆ. ಇದೆಲ್ಲ ಯಾರೋ ಒಬ್ಬ ದೊಡ್ಡ ಮನುಷ್ಯ ಒಂದು ದಿನ ಬಂದು ಮಾಡಿಕೊಟ್ಟದ್ದಲ್ಲ. ಅರ್ಧ ಲೀಟರು, ಒಂದು ಲೀಟರು ಹಾಲನ್ನು ಮಳೆ ಬಂದರೂ ಹಬ್ಬ ಇದ್ದರೂ ತಂದು ಹಾಕಿದಿರಲ್ಲ, ಅದರಿಂದ ಆದದ್ದು. ಹನಿ ಹನಿ ಗೂಡಿದರೆ ಹಳ್ಳ ಅನ್ನುವ ಗಾದೆ ನಮ್ಮ ಡೈರಿಗೆ ಹೇಳಿ ಮಾಡಿಸಿದ ಹಾಗಿದೆ. ಮೈಯ ಆರೋಗ್ಯವೂ ಮನಸ್ಸಿನ ಆರೋಗ್ಯವೂ ಹೀಗೇ ದಿನಕ್ಕಿಷ್ಟು ಅಂತ ಕೂಡಿಬರುವಂಥವು. ನಾವು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಸಹಕಾರ ಸಂಘಕ್ಕೂ ಹುಡುಗರ ಮನಸ್ಸಿಗೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದ್ದು, ಒಬ್ಬನ ಕಷ್ಟ ಹತ್ತು ಜನರ ಹೆಗಲಿಗೆ ಹಂಚಿಹೋಗಲಿ ಎಂದು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಏಳು ಸಹಕಾರ ತತ್ವಗಳಲ್ಲಿ ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಆದ್ದರಿಂದ ಈ ಮಾತು ಈ ವೇದಿಕೆಯಲ್ಲಿ ಆಡುವಂಥದ್ದೇ.

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೀವಿ. ಮಗನ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀವಿ. "ಹೇಳಪ್ಪ, ಇನ್ನೊಬ್ಬನಿಗೆ ಉಪಯೋಗ ಆದ್ರೆ ಆಗ್ಲಿ" ಅಂದ. ಇಲ್ಲೇ ಹಿಂದೆ ಎಲ್ಲೋ ನಿಂತಿದ್ದಾನೆ.

2022ರ ಜೂನ್‌ನಲ್ಲಿ ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂತು. ನಮ್ಮ ಮಗ ಎರಡು ವಿಷಯದಲ್ಲಿ ಫೇಲಾದ. ಅದಕ್ಕೂ ಹಿಂದೆ ಕೊರೊನಾ ಕಾಲದಲ್ಲಿ ಕಾಲೇಜು ಇಲ್ಲದೆ, ಆಟ ಇಲ್ಲದೆ, ಕೋಣೆಯಲ್ಲಿ ಮೊಬೈಲು ಹಿಡಿದು ಕೂತು ಅಭ್ಯಾಸ ಆಗಿತ್ತು. ಫಲಿತಾಂಶ ಬಂದ ಮೇಲೆ ಕೋಣೆಯ ಬಾಗಿಲೇ ತೆಗೆಯದ ಹಾಗಾಯ್ತು. ರಾತ್ರಿ ಮೂರು ಗಂಟೆ ತನಕ ಎಚ್ಚರ, ಬೆಳಿಗ್ಗೆ ಹನ್ನೊಂದಾದರೂ ಹಾಸಿಗೆ. ಮುದ್ದೆ ಮುಟ್ಟುತ್ತಿರಲಿಲ್ಲ. ಸ್ನೇಹಿತರು ಬಂದರೆ "ಇಲ್ಲ ಅಂತ ಹೇಳಿ" ಅನ್ನೋನು.

ನಾವು ಏನು ಮಾಡಿದೆವು? ಬೈದೆವು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಊಟಕ್ಕೆ ಕೂತಾಗಲೇ ಹೇಳಿದೆವು. ಪಕ್ಕದ ಮನೆಯ ಹುಡುಗನ ಮಾರ್ಕ್ಸು ತೆಗೆದು ಹೋಲಿಸಿದೆವು. ಒಂದು ದಿನ ಕೋಪ ತಡೆಯದೆ ಅವನ ಮೊಬೈಲನ್ನು ಅಂಗಳಕ್ಕೆ ಎಸೆದು ಒಡೆದು ಹಾಕಿದೆವು. ಅವನು ಒಂದು ಮಾತೂ ಆಡಲಿಲ್ಲ. ಆಮೇಲೆ ನಾಲ್ಕು ದಿನ ಯಾರ ಜೊತೆಗೂ ಮಾತಿಲ್ಲ. ಸೋಮಾರಿತನ, ಕೊಬ್ಬು ಅಂತಲೇ ನಾವು ತಿಳಿದಿದ್ದೆವು. ಸಂಘದ ಸಭೆಯಲ್ಲಿ ಕೂತು ಊರಿಗೆ ಬುದ್ಧಿ ಹೇಳುವ ನಮಗೆ ನಮ್ಮ ಮನೆಯ ಒಳಗಿನದು ಕಾಣಲಿಲ್ಲ. ಇದನ್ನು ಹೇಳೋಕೆ ನಾಚಿಕೆ ಆಗ್ತದೆ. ಆದರೂ ಹೇಳಬೇಕು.

ಒಂದು ದಿನ ಸಾಯಂಕಾಲ ಡೈರಿಯ ಮುಂದೆ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದೆವು. ಹಿಂದಿನ ದಿನ ನಮ್ಮ ಹಸು ಮೆಲುಕು ಹಾಕದೆ ನಿಂತಿತ್ತು, ಪಶು ವೈದ್ಯರಿಗೆ ಮೂರು ಸಲ ಫೋನ್ ಮಾಡಿದ್ದೆವು. ಅದೇ ಮಾತು ಹೇಳ್ತಾ ಇದ್ದೆವು. ನಮ್ಮ ಬೀದಿಯ ಹಿರಿಯಮ್ಮ ಒಬ್ಬರು ಎಲ್ಲರ ಎದುರಿಗೇ ಅಂದರು: "ಲೋ ಮಗಾ, ಹಸ ಒಂದ್ ಹೊತ್ತು ಮೇವು ಬಿಟ್ರೆ ಡಾಕ್ಟ್ರಿಗೆ ಮೂರು ಸಲ ಫೋನ್ ಮಾಡ್ತೀಯ. ನಿನ್ ಹೈದ ತಿಂಗಳಿಂದ ಸರಿಯಾಗಿ ಉಣ್ತಿಲ್ಲ ಅಂತ ನಿನ್ ಹೆಂಡ್ತಿ ಅಳ್ತಾವ್ಳೆ. ಅದು ನಿನ್ ಕಣ್ಗೆ ಬೀಳ್ಲಿಲ್ವಾ?"

ನಮಗೆ ಮಾತು ಹೊರಡಲಿಲ್ಲ. ಹಾಲಿನ ಲೆಕ್ಕ ಬರೆಸುವುದನ್ನೂ ಮರೆತು ಮನೆಗೆ ಬಂದೆವು.

ಅದೇ ವಾರ ಮಗನನ್ನು ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದೆವು. ಮನೋರೋಗ ತಜ್ಞರು ಬರುವ ದಿನ ನೋಡಿಕೊಂಡು ಹೋದದ್ದು. ದಾರಿಯುದ್ದಕ್ಕೂ "ಯಾರಾದರೂ ನೋಡಿದರೆ ಹುಚ್ಚು ಅಂತಾರಲ್ಲ" ಅನ್ನೋ ಭಯ ಇದ್ದದ್ದು ಮಗನಿಗಿಂತ ನಮಗೇ ಹೆಚ್ಚು. ಡಾಕ್ಟರು ಮಗನ ಜೊತೆ ಒಬ್ಬನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಇದು ಖಿನ್ನತೆ, ಸೋಮಾರಿತನ ಅಲ್ಲ ಎಂದು ನಮಗೆ ಬಿಡಿಸಿ ಹೇಳಿದರು. ಮಾತ್ರೆ ಕೊಟ್ಟರು, ಆಪ್ತ ಸಮಾಲೋಚನೆಗೆ ದಿನ ಗೊತ್ತು ಮಾಡಿದರು. ಆಮೇಲೆ ಇನ್ನೊಂದು ಮಾತು ಹೇಳಿದರು: "ದಿನಾ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಇವನು ಮನೆಯಿಂದ ಹೊರಗೆ ಬಂದು ನಡೆಯಬೇಕು. ಒಬ್ಬನನ್ನೇ ಕಳಿಸಬೇಡಿ, ಜೊತೆಗೆ ನೀವೂ ಹೋಗಿ. ಬುದ್ಧಿ ಹೇಳ್ಬೇಡಿ, ನಡೀರಿ ಅಷ್ಟೆ."

ನಮ್ಮ ಮನೆಯಿಂದ ಡೈರಿಗೆ ಒಂದು ಕಿಲೋಮೀಟರ್. ಬೈಕಿನಲ್ಲಿ ಕ್ಯಾನ್ ತರೋದು ರೂಢಿಯಾಗಿತ್ತು. ಮಾರನೆಯ ದಿನದಿಂದ ಬೈಕ್ ಬಿಟ್ಟೆವು. ಅವನ ಕೈಲಿ ಒಂದು ಕ್ಯಾನು, ನಮ್ಮ ಕೈಲಿ ಒಂದು. ಮೊದಲ ದಿನ ಅವನನ್ನು ಎಬ್ಬಿಸೋಕೇ ಅರ್ಧ ಗಂಟೆ ಹಿಡೀತು. ಹೋಗ್ತಾ ಮಾತಿಲ್ಲ, ಬರ್ತಾ ಮಾತಿಲ್ಲ. ಹತ್ತು ಹನ್ನೊಂದು ದಿನ ಹೀಗೇ ಆಯ್ತು. ಹನ್ನೆರಡನೆಯ ದಿನ ಅರಳಿಕಟ್ಟೆ ದಾಟುವಾಗ ಅವನು, "ಅಪ್ಪ, ಕ್ಯಾನ್ ಮುಚ್ಚಳ ಸರಿಯಾಗಿ ಕೂತಿಲ್ಲ, ಚೆಲ್ತಾ ಐತೆ ನೋಡು" ಅಂದ. ಇಷ್ಟೇ ಮಾತು. ನಾವು ಕ್ಯಾನ್ ಕೆಳಗಿಟ್ಟು ಮುಚ್ಚಳ ಸರಿಮಾಡುವ ನೆಪದಲ್ಲಿ ಕಣ್ಣು ಒರೆಸಿಕೊಂಡೆವು.

ಒಂದೇ ಏಟಿಗೆ ಎಲ್ಲಾ ಸರಿಹೋಯ್ತು ಎಂದು ಹೇಳಿದರೆ ಸುಳ್ಳಾಗ್ತದೆ. ಮಳೆಗಾಲದಲ್ಲಿ ಎರಡು ವಾರ ಪೂರ್ತಿ ನಿಂತುಹೋಯ್ತು, ಹಳೇದೇ ಶುರುವಾಯ್ತು. ಮತ್ತೆ ಡಾಕ್ಟರ ಹತ್ತಿರ ಹೋದೆವು, ಮತ್ತೆ ನಡೆಯೋಕೆ ಶುರು ಮಾಡಿದೆವು. ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ಕಾಲ ತಗೊಂಡ, ಅವರು ಹೇಳಿದಾಗಲೇ ಬಿಟ್ಟ. ನಿಧಾನವಾಗಿ ಸಂಜೆ ಹುಡುಗರ ಜೊತೆ ವಾಲಿಬಾಲಿಗೆ ನಿಂತ. ಮರುವರ್ಷ ಪರೀಕ್ಷೆ ಕಟ್ಟಿ ಪಾಸಾದ, ಈಗ ಬಿ.ಕಾಂ. ಓದ್ತಿದ್ದಾನೆ. ಮಾತ್ರೆಯಿಂದಲೋ, ಸಮಾಲೋಚನೆಯಿಂದಲೋ, ನಡಿಗೆಯಿಂದಲೋ ಅಂತ ಕೇಳಿದರೆ ಮೂರೂ ಸೇರಿ ಅಂತಲೇ ನಾವು ಹೇಳೋದು. ನಡಿಗೆ ಇದೆ ಅಂತ ಮಾತ್ರೆ ಬಿಡಿಸಬೇಡಿ, ಮಾತ್ರೆ ಇದೆ ಅಂತ ಹಾಸಿಗೆಯಲ್ಲೇ ಬಿಡಬೇಡಿ.

ಈ ಭಾಷಣಕ್ಕೆ ತಯಾರಿ ಮಾಡುವಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರವೂ ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರ ಹತ್ತಿರವೂ ಕೂತು ಕೆಲವು ವಿಷಯ ಬರೆದುಕೊಂಡೆವು. ಅವನ್ನು ನಿಮ್ಮ ಮುಂದೆ ಇಡ್ತೀವಿ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. 40 ಮಕ್ಕಳ ಒಂದು ತರಗತಿಯಲ್ಲಿ ಸುಮಾರು ಮೂವರು ಅಂತಾಯ್ತು. ಇದು ಪಟ್ಟಣದವರ ಕಾಯಿಲೆ ಎಂದು ತಿಳಿಯಬೇಡಿ. ಹಳ್ಳಿಯ ಜನಕ್ಕೂ ಇದರ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು ಅಂತ 1985ರಲ್ಲಿ ನಿಮ್ಹಾನ್ಸ್‌ನವರು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಶುರು ಮಾಡಿದರು. ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಆ ಬಳ್ಳಾರಿ ಮಾದರಿಯ ಮೇಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯ್ತು. ದೇಶಕ್ಕೆ ದಾರಿ ತೋರಿಸಿದ್ದು ಕರ್ನಾಟಕದ ಹಳ್ಳಿಗಳು ಎಂದು ನಾವು ಹೆಮ್ಮೆಪಡಬೇಕು. ಆದರೆ ನಾವು ಮಾತ್ರ ಇನ್ನೂ ಮೊದಲು ಹೋಗೋದು ತಡೆ ಹೊಡೆಸೋಕೆ. ದೇವರಿಗೆ ಕೈ ಮುಗಿಯಿರಿ, ಬೇಡ ಅನ್ನೋದಿಲ್ಲ. ಮುಗಿದು ಅಲ್ಲಿಂದ ನೇರ ಆಸ್ಪತ್ರೆಗೂ ಹೋಗಿ.

ವ್ಯಾಯಾಮದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೀಗಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಂತೆ ಆಡಬೇಕು, ಓಡಬೇಕು. 18 ದಾಟಿದವರು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಚುರುಕಾಗಿ ನಡೆಯಬೇಕು, ಅಂದರೆ ವಾರಕ್ಕೆ ಐದು ದಿನ ಅರ್ಧ ಅರ್ಧ ಗಂಟೆ. ಅಷ್ಟು ಆಗದಿದ್ದರೂ ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಅಂತಲೂ ಅದರಲ್ಲೇ ಇದೆ. ಜಗತ್ತಿನಲ್ಲಿ 11ರಿಂದ 17 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 81 ಮಂದಿ ಇಷ್ಟು ಆಡ್ತಾ ಇಲ್ಲ ಎಂದು 2016ರ ಅಂಕಿ ಅಂಶದಿಂದ ಗೊತ್ತಾಗಿದೆ. ಹುಡುಗರಲ್ಲಿ 78, ಹುಡುಗಿಯರಲ್ಲಿ 85.

ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಲವು ವರ್ಷ ಗಮನಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. 12, 14, 16ನೇ ವಯಸ್ಸಿನಲ್ಲಿ ಓಡಾಟ ಅಳೆಯುವ ಸಣ್ಣ ಯಂತ್ರವನ್ನು ಮಕ್ಕಳ ಸೊಂಟಕ್ಕೆ ಕಟ್ಟಿ ನೋಡಿದರು. 12ನೇ ವಯಸ್ಸಿನಲ್ಲಿ ದಿನಕ್ಕೆ ಒಂದು ಗಂಟೆ ಹೆಚ್ಚು ಓಡಾಡಿಕೊಂಡಿದ್ದ ಮಕ್ಕಳಲ್ಲಿ 18ನೇ ವಯಸ್ಸಿಗೆ ಖಿನ್ನತೆಯ ಲಕ್ಷಣ ನೂರಕ್ಕೆ ಸುಮಾರು 10ರಷ್ಟು ಕಡಿಮೆ ಇತ್ತು. ಒಂದು ಗಂಟೆ ಹೆಚ್ಚು ಕೂತಲ್ಲೇ ಕೂತವರಲ್ಲಿ ಹೆಚ್ಚು ಕಡಿಮೆ ಅಷ್ಟೇ ಜಾಸ್ತಿ. ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ ಅವರು ಲೆಕ್ಕಕ್ಕೆ ಹಿಡಿದದ್ದು ಹಗುರ ಓಡಾಟ. ನಡೆಯೋದು, ಮನೆಗೆಲಸ ಮಾಡೋದು, ಇಂಥವು. ಇದೊಂದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು ಎಂದು ನಮ್ಮ ಡಾಕ್ಟರು ಎಚ್ಚರಿಸಿದರು. ಆದರೂ ದಾರಿ ಯಾವ ಕಡೆ ಅಂತ ಗೊತ್ತಾಗ್ತದೆ.

ಮೈ ದಣಿದರೆ ಮನಸ್ಸು ಹೇಗೆ ಹಗುರವಾಗ್ತದೆ? ದಣಿದ ಮೈಗೆ ರಾತ್ರಿ ನಿದ್ದೆ ಹತ್ತುತ್ತದೆ, ನಿದ್ದೆ ಸರಿಹೋದರೆ ಸಿಡುಕು ಕಡಿಮೆಯಾಗ್ತದೆ. ಆಡುವಾಗ ಮನಸ್ಸು ಚೆಂಡಿನ ಮೇಲಿರ್ತದೆ, ಚಿಂತೆ ತಿರುಗಿ ತಿರುಗಿ ಬರೋಕೆ ಜಾಗ ಇರೋದಿಲ್ಲ. ಚಿಂತೆಗೂ ಚಿತೆಗೂ ಒಂದು ಸೊನ್ನೆ ವ್ಯತ್ಯಾಸ ಅಂತಾರಲ್ಲ ಹಿರಿಯರು. ನಾಲ್ಕು ಜನರ ಜೊತೆ ನಗು ಬರ್ತದೆ. ನಿನ್ನೆ ಹತ್ತು ದಂಡ ಹೊಡೆದವನು ಇವತ್ತು ಹನ್ನೆರಡು ಹೊಡೆದರೆ "ನನ್ನ ಕೈಲೂ ಆಗ್ತದೆ" ಅನ್ನೋ ಧೈರ್ಯ ಬರ್ತದೆ. ಫೇಲಾದ ಹುಡುಗನಿಗೆ ಮೊದಲು ಬೇಕಾದ್ದು ಈ ಧೈರ್ಯ.

ಇಲ್ಲಿ ಕೆಲವು ತಂದೆಯರು, "ಹೊಲದಲ್ಲಿ ಗೇದರೆ ಆಗಲ್ವಾ, ಬೇರೆ ವ್ಯಾಯಾಮ ಯಾಕೆ?" ಎಂದು ಕೇಳ್ತಾರೆ. ನಾವೂ ಹಾಗೇ ಅಂದುಕೊಂಡಿದ್ದವರು. ನಮ್ಮ ಕಾಲದಲ್ಲಿ ಶಾಲೆಗೆ ನಡಕೊಂಡು ಹೋಗ್ತಿದ್ದೆವು, ದನ ಮೇಯಿಸ್ತಿದ್ದೆವು, ಕೆರೆಯಲ್ಲಿ ಈಜ್ತಿದ್ದೆವು, ಚಿಣ್ಣಿದಾಂಡು, ಲಗೋರಿ ಆಡ್ತಿದ್ದೆವು. ನಮ್ಮಪ್ಪನ ಕಾಲದಲ್ಲಿ ಗರಡಿ ಮನೆ ಇತ್ತು, ಮಟ್ಟಿಯ ಮಣ್ಣು ಮೈಗೆ ಹಚ್ಚಿ ಸಾಮು ಮಾಡ್ತಿದ್ದರು. ಈಗ ಉಳುಮೆಗೆ ಟ್ರ್ಯಾಕ್ಟರು, ಮೇವು ಕತ್ತರಿಸೋಕೆ ಯಂತ್ರ, ಅಂಗಡಿಗೆ ಹೋಗೋಕೂ ಬೈಕು. ಹೊಲದ ಕೆಲಸವೇ ಮೊದಲಿನಷ್ಟಿಲ್ಲ. ಇದ್ದರೂ ಅಪ್ಪನ ಬೈಗುಳ ಕೇಳ್ತಾ ಗೇಯೋದಕ್ಕೂ, ಬಿಡುವಿನಲ್ಲಿ ಇಷ್ಟಪಟ್ಟು ಸ್ನೇಹಿತರ ಜೊತೆ ಆಡೋದಕ್ಕೂ ಮನಸ್ಸಿನ ಮೇಲೆ ಆಗುವ ಪರಿಣಾಮ ಒಂದೇ ಅಲ್ಲ ಎಂದು ಸಂಶೋಧನೆಗಳೂ ಹೇಳ್ತವೆ. ಗೇಯಲಿ, ಆದರೆ ಆಡೋಕೂ ಬಿಡಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಏಳನೇ ಕ್ಲಾಸಿನ ತನಕ ಖೋ ಖೋ ಆಡಿ ಬಹುಮಾನ ತಂದ ಹುಡುಗಿಯನ್ನು ದೊಡ್ಡವಳಾದ ಕೂಡಲೇ ಮನೆಯೊಳಗೆ ಕೂರಿಸ್ತೀವಿ. ಆಮೇಲೆ ಅವಳು ಮಂಕಾಗಿದ್ದಾಳೆ, ಸುಸ್ತು ಅಂತಾಳೆ ಅಂತೀವಿ. ಸುಸ್ತಿಗೆ ರಕ್ತಹೀನತೆಯೂ ಕಾರಣ ಇರಬಹುದು, ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಅದರ ಜೊತೆ ಆಡೋಕೆ ಬಿಡಿ. ಥ್ರೋಬಾಲ್ ಆಡಲಿ, ಹಗ್ಗ ಜಿಗಿಯಲಿ, ಸೈಕಲ್ ತುಳಿಯಲಿ, ಅಮ್ಮನ ಜೊತೆ ಡೈರಿಗೆ ನಡೆದು ಬರಲಿ. ನೋಡಿದವರು ಏನಂತಾರೆ ಅನ್ನೋದಕ್ಕೆ ಉತ್ತರ ಒಂದೇ. ಹತ್ತು ಹುಡುಗಿಯರು ಒಟ್ಟಿಗೆ ಆಡಿದರೆ ಯಾರೂ ಏನೂ ಅನ್ನೋದಿಲ್ಲ.

ಈಗ ಮುಖ್ಯವಾದ ಪ್ರಶ್ನೆ. ವ್ಯಾಯಾಮ ಒಳ್ಳೇದು ಅಂತ ಎಲ್ಲರಿಗೂ ಗೊತ್ತು. ಆದರೂ ಯಾಕೆ ಮಾಡೋದಿಲ್ಲ? ಯುಗಾದಿ ದಿನ ಶುರು ಮಾಡಿದ್ದು ವಾರದಲ್ಲಿ ನಿಂತು ಹೋಗ್ತದೆ. ಅಭ್ಯಾಸ ಬದಲಾಗೋದು ಮನಸ್ಸು ಗಟ್ಟಿ ಮಾಡಿದ ಮಾತ್ರಕ್ಕೆ ಆಗೋದಿಲ್ಲ. ಅದಕ್ಕೂ ಒಂದು ಕ್ರಮ ಇದೆ. ಆ ಕ್ರಮ ಹಾಲು ಹಾಕುವ ನಮಗೆ ಹೊಸದೇನಲ್ಲ.

ಒಂದನೆಯದಾಗಿ, ಚಿಕ್ಕದಾಗಿ ಶುರು ಮಾಡಿ. ಒಂದು ಕರು ಕಟ್ಟಿದವರೇ ಇವತ್ತು ಹತ್ತು ಹಸು ಕಟ್ಟಿರುವುದು. ಮೊದಲ ವಾರ ಹತ್ತು ನಿಮಿಷ ನಡೆದರೆ ಸಾಕು. ಮೊದಲ ದಿನವೇ ನೂರು ಬಸ್ಕಿ ಹೊಡೆದವನು ಎರಡನೇ ದಿನ ಏಳೋದಿಲ್ಲ.

ಎರಡನೆಯದಾಗಿ, ದಿನಾ ಆಗುವ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ. "ಬಿಡುವಾದಾಗ ಮಾಡ್ತೀನಿ" ಅಂದರೆ ಆ ಬಿಡುವು ಬರೋದಿಲ್ಲ. "ಬೆಳಿಗ್ಗೆ ಹಾಲು ಹಾಕಿದ ಕೂಡಲೇ ಕೆರೆ ಏರಿ ತನಕ ಹೋಗಿ ಬರ್ತೀನಿ" ಎಂದು ಗೊತ್ತು ಮಾಡಿಕೊಳ್ಳಿ. ಹಾಲು ಹಾಕೋದು ತಪ್ಪೋದಿಲ್ಲವಾದ್ದರಿಂದ ಇದೂ ತಪ್ಪೋದಿಲ್ಲ.

ಮೂರನೆಯದಾಗಿ, ಜೊತೆ ಇರಲಿ. ಎತ್ತು ಸಹ ಜೋಡಿಯಾದರೇ ನೇಗಿಲು ಎಳೆಯೋದು. ಮನೆ ಮುಂದೆ ಸ್ನೇಹಿತ ಬಂದು ಕೂಗಿದರೆ ಹೊದಿಕೆ ತಾನಾಗೇ ಸರಿಯುತ್ತದೆ.

ನಾಲ್ಕನೆಯದಾಗಿ, ಬರೆದಿಡಿ. ಹಾಲಿನ ಪಾಸ್ ಪುಸ್ತಕದಲ್ಲಿ ದಿನಾ ಲೆಕ್ಕ ಬರೆಯುವ ಹಾಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೆ ಒಂದು ಗುರುತು ಹಾಕಿ. ಗುರುತು ಸಾಲಾಗಿ ಕಂಡರೆ ಬಿಡೋಕೆ ಮನಸ್ಸು ಬರೋದಿಲ್ಲ.

ಐದನೆಯದಾಗಿ, ತಪ್ಪಿದ ದಿನಕ್ಕೆ ಹೆದರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗೇ ನಡೆಯುವಷ್ಟು ಗಟ್ಟಿಯಾಗೋಕೆ ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ನಷ್ಟವೇನೂ ಆಗಲಿಲ್ಲ. ಒಂದು ಹೊತ್ತು ಹಾಲು ಹಾಕದಿದ್ದರೆ ಸಂಘದ ಸದಸ್ಯತ್ವ ಹೋಗ್ತದೆಯೇ? ಮುಂದಿನ ಹೊತ್ತು ತಂದು ಹಾಕ್ತೀವಿ. ಇದೂ ಹಾಗೇ.

ಆರನೆಯದು ಮನೆಯವರಿಗೆ. ರಾತ್ರಿ ಹತ್ತು ಗಂಟೆಗೆ ಮನೆಯ ಎಲ್ಲಾ ಮೊಬೈಲೂ ದೇವರ ಗೂಡಿನ ಪಕ್ಕ ಒಂದು ಕಡೆ ಇರಲಿ. ಎಲ್ಲಾ ಅಂದರೆ ಅಪ್ಪನದೂ ಸೇರಿ. ನಾವು ಹಾಸಿಗೆಯಲ್ಲಿ ವಿಡಿಯೋ ನೋಡ್ತಾ ಮಗನಿಗೆ ಮಲಗು ಅಂದರೆ ಅವನು ಕೇಳೋದಿಲ್ಲ. 14ರಿಂದ 17 ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತಾರೆ ಡಾಕ್ಟರು. ಊಟಕ್ಕೆ ನಮ್ಮ ಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ ಸಾಕು. ಬೆಳಿಗ್ಗೆ ಹಾಲನ್ನೆಲ್ಲಾ ಡೈರಿಗೆ ಹಾಕಿ ಮಕ್ಕಳಿಗೆ ಬರೀ ಟೀ ಕೊಡಬೇಡಿ, ಒಂದು ಲೋಟ ಹಾಲು ಮನೆಯಲ್ಲಿ ಉಳಿಸಿ. ಸಂಘದ ನಿರ್ದೇಶಕರಾಗಿ ಈ ಮಾತು ಹೇಳಬಾರದೇನೋ, ಆದರೂ ಹೇಳ್ತೀವಿ. (ನಗು)

ಹುಡುಗರಿಗೆ ಒಂದು ಎಚ್ಚರಿಕೆ. ವ್ಯಾಯಾಮ ಅಂದರೆ ಕನ್ನಡಿ ಮುಂದೆ ತೋಳು ನೋಡಿಕೊಳ್ಳೋದಲ್ಲ. ಮೂರು ತಿಂಗಳಲ್ಲಿ ಮೈ ಬರಿಸ್ತೀವಿ ಎಂದು ಪುಡಿ, ಇಂಜೆಕ್ಷನ್ ಮಾರುವವರ ಹತ್ತಿರ ಹೋಗಬೇಡಿ. ಗುಟ್ಕಾ, ಕುಡಿತ ಬೇಸರ ಕಳೀತದೆ ಅಂತ ಶುರುವಾಗಿ ಬೇಸರವನ್ನೇ ದೊಡ್ಡದು ಮಾಡ್ತವೆ.

ತಂದೆ ತಾಯಂದಿರೇ, ಇನ್ನೊಂದು ವಿಷಯ ಕಿವಿಗೊಟ್ಟು ಕೇಳಿ. ಎರಡು ವಾರಕ್ಕೂ ಮೀರಿ ಮಗ ಅಥವಾ ಮಗಳು ಸಪ್ಪಗಿದ್ದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ಆಟ, ಸ್ನೇಹಿತರು ಎಲ್ಲಾ ಬಿಟ್ಟರೆ, "ನಾನು ಇದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ ನಾಳೆ ನೋಡೋಣ ಅನ್ನಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. "ಸಾಯೋ ಯೋಚನೆ ಏನಾದರೂ ಬರ್ತದಾ ಮಗ?" ಎಂದು ಕೇಳಿದರೆ ಆ ಯೋಚನೆ ನಾವೇ ತುಂಬಿದ ಹಾಗೆ ಆಗೋದಿಲ್ಲ, ಅವರ ಎದೆಯ ಭಾರ ಇಳೀತದೆ ಅಂತ ಡಾಕ್ಟರು ಹೇಳ್ತಾರೆ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಇಡಲೇಬೇಡಿ, ಇಡಬೇಕಾದರೆ ಬೀಗ ಹಾಕಿ ಇಡಿ. ಅಂಥವರನ್ನು ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಗಿದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಮ್ಮ ಮಗನಿಗೆ ಹಾಗಾದಾಗ ಈ ನಂಬರ್ ಇನ್ನೂ ಇರಲಿಲ್ಲ. ಈಗ ಇದೆ. ಡೈರಿಯ ಗೋಡೆಯ ಮೇಲೆ, ಹಾಲಿನ ದರಪಟ್ಟಿಯ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದೀವಿ.

ಕೊನೆಯದಾಗಿ ಸಂಘದ ಹಿಂದಿನ ಹತ್ತು ಗುಂಟೆ ಜಾಗದ ಮಾತು. ಎರಡು ವರ್ಷದ ಹಿಂದೆ ಲಾಭದಲ್ಲಿ ಧರ್ಮಾರ್ಥಕ್ಕೆ ತೆಗೆದಿಟ್ಟ ಹಣದಲ್ಲಿ ಒಂದು ನೆಟ್ಟು, ಎರಡು ಬಾಲು ತಂದು ಅಲ್ಲಿ ವಾಲಿಬಾಲ್ ಶುರು ಮಾಡಿಸಿದೆವು. ಮಹಾಸಭೆಯಲ್ಲಿ ಸದಸ್ಯರೊಬ್ಬರು "ಹಾಲಿನ ದುಡ್ಡಲ್ಲಿ ಬಾಲು ತಂದ್ರೆ ಫ್ಯಾಟ್ ಬತ್ತದಾ?" ಎಂದು ಕೇಳಿದ್ದರು, ಎಲ್ಲರೂ ನಕ್ಕಿದ್ದೆವು. ಈಗ ಅವರ ಮೊಮ್ಮಗನೇ ಅಲ್ಲಿ ಸರ್ವಿಸ್ ಹೊಡೀತಾನೆ. ಆ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬೇಕು ಎಂಬ ಸೂಚನೆ ಮುಂದಿನ ಮಹಾಸಭೆಗೆ ಬರ್ತಾ ಇದೆ. ಬಾಡಿಗೆ ಬಂದರೆ ಬೋನಸ್ ನಾಲ್ಕು ಕಾಸು ಹೆಚ್ಚಾಗಬಹುದು, ಸುಳ್ಳಲ್ಲ. ಆ ಸೂಚನೆ ತಂದವರ ಮೇಲೆ ನಮಗೆ ಕೋಪವೂ ಇಲ್ಲ, ಸಂಘದ ಆದಾಯದ ಚಿಂತೆ ಅವರದು. ಆದರೆ ವಾಲಿಬಾಲ್ ಅಂಕಣಕ್ಕೆ ಬೇಕಾದ್ದು 18 ಮೀಟರ್ ಉದ್ದ, 9 ಮೀಟರ್ ಅಗಲ. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಜಾಗ ಊರ ಮಕ್ಕಳಿಗೆ ಬಿಟ್ಟು ಉಳಿದದ್ದರಲ್ಲಿ ಏನು ಬೇಕಾದರೂ ಕಟ್ಟೋಣ. ಬೆಳಿಗ್ಗೆ ಒಂದು ಗಂಟೆ ಹೆಣ್ಣುಮಕ್ಕಳಿಗೆ, ಸಂಜೆ ಹುಡುಗರಿಗೆ ಎಂದು ಹೊತ್ತು ಗೊತ್ತು ಮಾಡೋಣ. ಕೈ ಎತ್ತುವ ಮುಂಚೆ ನಿಮ್ಮ ಮನೆಯ ಮಕ್ಕಳನ್ನು ಒಂದು ಸಲ ನೆನೆಸಿಕೊಳ್ಳಿ ಎಂಬುದಷ್ಟೇ ನಮ್ಮ ವಿನಂತಿ.

ಹುಡುಗರೇ, ಹೆಣ್ಣುಮಕ್ಕಳೇ, ನಾಳೆಯಿಂದ 66 ದಿನ. ಡೈರಿಗೆ ಬರುವಾಗ ಬೈಕು ಮನೆಯಲ್ಲಿ ಇರಲಿ. ಜೊತೆಗೆ ಯಾರೂ ಇಲ್ಲ ಅಂದರೆ ಬೆಳಿಗ್ಗೆ ಆರಕ್ಕೆ ಅರಳಿಕಟ್ಟೆ ಹತ್ತಿರ ಬನ್ನಿ, ಕ್ಯಾನ್ ಹಿಡ್ಕೊಂಡು ನಾವು ಬರ್ತಿರ್ತೀವಿ. ಬುದ್ಧಿ ಹೇಳೋದಿಲ್ಲ, ಜೊತೆಗೆ ನಡೀತೀವಿ ಅಷ್ಟೆ.

ಅಂದು ಡೈರಿ ಮುಂದೆ ನಮಗೆ ಛೀಮಾರಿ ಹಾಕಿದ ಆ ಹಿರಿಯಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ಈ ಸಭೆಯಲ್ಲಿ ಕೈಮುಗಿದು ನಮ್ಮ ಮಾತು ಮುಗಿಸ್ತೀವಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.